ಹಿಂಬಾಕಿ

ಕೆಳಗೆ ಹಾಲಪ್ಪನ ಹಿಟ್ಟಿನ ಗಿರಣಿ.
ಮೇಲೆ ಹತ್ತಡಿಗೆ ಎಂಟಡಿ, ನನ್ನ ರೆಕಾರ್ಡಿಂಗ್ ಕೋಣೆ.
ದುರ್ಗಿಗುಡಿಯ ಈ ಅಡ್ಡರಸ್ತೆಯಲ್ಲಿ
ಕರೆಂಟು ಇದ್ದರೆ ಅವನು ರಾಗಿ ಬೀಸುತ್ತಾನೆ,
ಹೋದರೆ ನಾನು ಹಾಡು ಹಿಡಿಯುತ್ತೇನೆ,
ಲ್ಯಾಪ್‌ಟಾಪಿನ ಬ್ಯಾಟರಿ ಮೇಲೆ, ಐವತ್ತು ನಿಮಿಷ.

ದೊಡ್ಡ ಸ್ಟುಡಿಯೋದ ಹೆಸರು ಹೇಳಿ
ಆ ಸಾಫ್ಟ್‌ವೇರ್ ಇದೆಯಾ ಅಂತ ಬಂದವರೆಲ್ಲ ಕೇಳುತ್ತಾರೆ.
ಇಲ್ಲ. ಇದು ಲಿನಕ್ಸ್.
ಯಾರೂ ನನಗೆ ಮಾರಲಿಲ್ಲ, ನಾನು ಕದಿಯಲೂ ಇಲ್ಲ.
ಸೌಂಡ್ ಕಾರ್ಡಿನ ಕಂಪನಿಗೆ ನಾವು ಇರುವುದೇ ಗೊತ್ತಿಲ್ಲ;
ಯಾವುದೋ ದೇಶದ ಯಾರೋ ಒಬ್ಬ
ತಡಕಿ ತಡಕಿ ಬರೆದ ಡ್ರೈವರಿನಲ್ಲಿ
ಎರಡನೇ ಮೈಕು ನಡೆಯುತ್ತದೆ, ಮೊದಲನೆಯದು ನಡೆಯುವುದಿಲ್ಲ.
ಎರಡನೆಯದಕ್ಕೇ ಹಾಡಿ ಅನ್ನುತ್ತೇನೆ.

ಇಂಥದ್ದಕ್ಕೆ ಕನ್ನಡ ಬರೆಯಲು ಕೂತೆ, ಯುಗಾದಿ ಕಳೆದ ಮೇಲೆ.
ಸಾವಿರದ ಎಂಟುನೂರು ಚಿಲ್ಲರೆ ಪದ, ವಾಕ್ಯ.
ನನಗಿಂತ ಮೊದಲು ಒಬ್ಬರು ಇನ್ನೂರ ಹನ್ನೆರಡು ಮುಗಿಸಿದ್ದರು,
ಹೆಸರಿನ ಜಾಗದಲ್ಲಿ ಬರೀ "ಸಾಗರ" ಎಂದಿದೆ,
ಊರೋ, ಆಸಾಮಿಯೋ.
ಮ್ಯೂಟ್‌ಗೆ ಅವರು ಕೊಟ್ಟದ್ದು "ಸುಮ್ಮನಿರು".
ಸೋಲೋಗೆ "ಒಬ್ಬನೇ". ಜೆಸಿಂತಾ ಹಾಡುವ ಟ್ರ್ಯಾಕಿಗೂ ಒಬ್ಬನೇ.
ಬಸ್‌ಗೆ "ಬಸ್ಸು", ಮಾಸ್ಟರ್ ಬಸ್‌ಗೆ "ದೊಡ್ಡ ಬಸ್ಸು".
ನಕ್ಕೆ. ಆಮೇಲೆ ಯೋಚಿಸಿದೆ:
ತಬಲ, ಹಾರ್ಮೋನಿಯಂ, ಜೆಸಿಂತಾಳ ದನಿ
ಬೇರೆ ಬೇರೆ ಸ್ಟಾಪಿನಲ್ಲಿ ಹತ್ತಿ
ಒಂದೇ ಬಾಗಿಲಲ್ಲಿ ಇಳಿಯುತ್ತವಲ್ಲ.
ತಪ್ಪೇನಿದೆ. ಉಳಿಸಿಕೊಂಡೆ.

ಡಿಕೇ. ನಿಘಂಟು ಹೇಳಿತು: ಕೊಳೆಯುವಿಕೆ.
ಗಾಂಧಿಬಜಾರಿನ ಒಳಗಲ್ಲಿಯಲ್ಲಿ ತಬಲಕ್ಕೆ ಚರ್ಮ ಕಟ್ಟುವ
ಇಮಾಮುದ್ದೀನ್ ಸಾಬರು ಒಂದು ಏಟು ಹಾಕಿ
ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ ಕಿವಿಗೊಟ್ಟರು.
"ಕೊಳೆಯೋದಲ್ಲ ಸ್ವಾಮಿ. ಇಂಗ್ತದೆ."
ಇಂಗು. ಬರೆದೆ.
ಜೆಸಿಂತಾ ಓದಿ ಕೇಳಿದಳು: ಸಾರಿಗಾ?

ಒಣ, ಒದ್ದೆ. ಇವೆರಡಕ್ಕೆ ಯಾರನ್ನೂ ಕೇಳಬೇಕಾಗಲಿಲ್ಲ,
ಆಗಸ್ಟ್ ತಿಂಗಳು.

ಲೇಟೆನ್ಸಿ ಒಂದು ಸತಾಯಿಸಿತು.
ವಿಳಂಬ ಅನ್ನೋಣವೆಂದರೆ ಹಾಡುವವರು ತಪ್ಪು ತಿಳಿದು
ನಿಧಾನಕ್ಕೆ ಹಾಡಿಬಿಟ್ಟಾರು.
ಚರ್ಚಿನ ಕ್ವಾಯರಿನ ಜೆಸಿಂತಾ
ಹೆಡ್‌ಫೋನು ಕಿತ್ತು ಹೇಳಿದಳು:
"ಒಳಗೆ ಇನ್ನೊಬ್ಬಳು ಇದಾಳೆ.
ನಾನು ಅಂದದ್ದನ್ನೇ ಅಂತಾಳೆ, ನಾನು ಉಸಿರು ತಗೊಳ್ಳೋವಾಗ."
ಬಫರ್ ಇಳಿಸಿದೆ, ಇನ್ನೂರೈವತ್ತಾರು, ನೂರಿಪ್ಪತ್ತೆಂಟು.
ಅರವತ್ನಾಲ್ಕಕ್ಕೆ ಇನ್ನೊಬ್ಬಳು ಹೋದಳು,
ಆದರೆ ದನಿಯಲ್ಲಿ ಚಿಟಿಚಿಟಿ, ಒಗ್ಗರಣೆಗೆ ಸಾಸಿವೆ ಬಿದ್ದಂತೆ.
ನೂರಿಪ್ಪತ್ತೆಂಟಕ್ಕೇ ವಾಪಸು.
ಆ ಇನ್ನೊಬ್ಬಳ ಜೊತೆಗೇ ಮೂರು ಚರಣ ಮುಗಿಸಿದಳು.

ಬಾಡಿಗೆ ಕೇಳಲು ಮೇಲೆ ಬಂದಿದ್ದ ಹಾಲಪ್ಪ, ರೆಪ್ಪೆಯವರೆಗೂ ಹಿಟ್ಟು,
ಏನಂತೆ ಅದು ಅಂದ.
ಹಾಡಿದ್ದು ತಕ್ಷಣ ಬರಲ್ಲ ಹಾಲಪ್ಪ,
ಸ್ವಲ್ಪ ಉಳಕೊಂಡು ಆಮೇಲೆ ಬರುತ್ತೆ.
"ಹಿಂಬಾಕಿ ಅನ್ನು. ನಿನ್ನ ಬಾಡಿಗೆ ಥರ."
ಬರೆದೆ. ಎರಡು ತಿಂಗಳದ್ದು ಕೊಟ್ಟೆ, ಒಂದು ಉಳಿಸಿಕೊಂಡೆ.

ತೆರೆದು ನೋಡಿದರೆ ಪರದೆಯಲ್ಲಿ ಅಕ್ಷರಗಳಿಗೆ ಕಾಲಿಲ್ಲ.
ಬಸ್ಸು ಬಸು. ಸದ್ದು ಸದು.
ಒತ್ತೆಲ್ಲ ಗುಂಡಿಯ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿತ್ತು,
ಇಂಗ್ಲಿಷಿನ ಅಳತೆಗೆ ಹೊಲಿದ ಗುಂಡಿ.
ಬಂದಷ್ಟು ಇಂಗ್ಲಿಷಿನಲ್ಲಿ ಅವರಿಗೆ ಬರೆದೆ:
ನಮ್ಮ ಅಕ್ಷರ ಗೆರೆಯ ಕೆಳಗೂ ಬಾಳುತ್ತದೆ,
ನಾಲ್ಕು ಪಿಕ್ಸೆಲ್ ಜಾಗ ಬಿಡಿ.
ಏಳು ವಾರ ಸದ್ದಿಲ್ಲ.
ಆಮೇಲೊಂದು ರಾತ್ರಿ ಒಂದೇ ಸಾಲು:
ಆರು ಬಿಟ್ಟಿದ್ದೇವೆ.

ಇನ್ನು ಉಳಿದಿರುವುದು ಒಂದು ವಾಕ್ಯ,
ಆ ಸಾಗರದವರು ಕೊನೆಗೆ ಮುಟ್ಟಿ ಅರ್ಧಕ್ಕೆ ಬಿಟ್ಟದ್ದು:
"ಉಳಿಸದೆ ಹೋದರೆ ನೀವು"
ಮುಂದೇನೆಂದು ಇಂಗ್ಲಿಷಿನಲ್ಲಿದೆ. ಎರಡೇ ಪದ ಸಾಕು.
ಬೆರಳು ಇಡುವಷ್ಟರಲ್ಲಿ ಕರೆಂಟು ಬಂತು,
ಕೆಳಗೆ ಗಿರಣಿ ಶುರುವಾಗಿ
ಮೇಜು, ಮೈಕಿನ ಕಂಬ, ಲೋಟದ ನೀರು
ಎಲ್ಲ ಒಂದೇ ಶ್ರುತಿಗೆ ನಡುಗುತ್ತಿವೆ.
ಯಾರದೋ ಗೋಧಿ.
ನಾಳೆ ನೋಡೋಣ.