ಒಂದೇ ಶನಿವಾರ

ನಲವತ್ತು ವರ್ಷ ಲಿಂಕನ್‌ಶೈರಿನ ಬಸ್ಸುಗಳಿಗೆ
ವೇಳಾಪಟ್ಟಿ ಬರೆದವನು ನಾನು.
ಒಂದು ಬಸ್ಸು ಇನ್ನೊಂದರ ಬಾಲ ಮೂಸದಂತೆ,
ಹಾಲ್ಟಮ್ ಕ್ರಾಸಿನಲ್ಲಿ ಇಳಿದ ಮುದುಕಿ
ಮುಂದಿನ ಬಸ್ಸಿಗೆ ಓಡಬೇಕಾಗದಂತೆ
ನಾಲ್ಕು ನಿಮಿಷ ಎತ್ತಿಟ್ಟವನು.

ಅದಕ್ಕೇ ಹೊಟ್ಟೆ ಉರಿಯುತ್ತದೆ.
ವರ್ಷಕ್ಕೆ ಐವತ್ತೆರಡು ಶನಿವಾರ.
ಚಳಿಗಾಲದ್ದು ಕಳೆಯಿರಿ, ಮಳೆಯದ್ದು ಕಳೆಯಿರಿ,
ಮೊಮ್ಮಕ್ಕಳ ಹುಟ್ಟುಹಬ್ಬ, ಯಾರದೋ ಮದುವೆ,
ಮೋಡ ಮಾಡಿಗೆ ತಾಗುವ ದಿನ ಕಳೆದರೆ
ಆಕಾಶಕ್ಕೆಂದು ಉಳಿಯುವುದು ಎಂಟೋ ಒಂಬತ್ತೋ.
ಅಷ್ಟರಲ್ಲೇ ಜುಲೈ ಹದಿನೆಂಟಕ್ಕೆ
ಇಬ್ಬರೂ ಟವೆಲ್ಲು ಹಾಸಿದ್ದಾರೆ:
ಇತ್ತ ಮಾಲ್ಟರ್ಬಿ ಹುಲ್ಲುಗಾವಲಲ್ಲಿ ಹಳೆಯ ರೆಕ್ಕೆಗಳ ಕೂಟ,
ಅತ್ತ ಸ್ಕಾರ್ನೆಸ್ ಕಡಲಂಚಿಗೆ ಜೆಟ್ಟುಗಳ ಅಬ್ಬರ.
ನಡುವೆ ಎಪ್ಪತ್ತು ಮೈಲಿ.
ಕಾರು ಒಂದೇ, ಅದೂ ಹೆಡ್ಲಿಯದು.

ಹೆಡ್ಲಿಗೆ ಸದ್ದು ಬೇಕು. ಪಕ್ಕೆಲುಬಿನೊಳಗೆ ನಡುಕ ಏಳಬೇಕು,
ನಿಲ್ಲಿಸಿದ ಕಾರುಗಳೆಲ್ಲ ಒಟ್ಟಿಗೆ ಚೀರಿಕೊಳ್ಳಬೇಕು,
ಸದ್ದು ಬಂದತ್ತ ಕಣ್ಣು ಹೊರಳುವಷ್ಟರಲ್ಲಿ
ವಿಮಾನ ಪಕ್ಕದ ಜಿಲ್ಲೆಯಲ್ಲಿರಬೇಕು.
"ಹೋದದ್ದನ್ನು ನೋಡೋಕೆ ಟಿಕೆಟ್ಟಾ?" ಎನ್ನುತ್ತೇನೆ.
ನನಗೆ ಟೈಗರ್ ಮಾತ್ ಸಾಕು.
ಬಟ್ಟೆ ಬಿಗಿದು ಬಣ್ಣ ಬಳಿದ ರೆಕ್ಕೆ,
ತಂತಿಗಳ ನಡುವೆ ಗಾಳಿಯ ಸಿಳ್ಳೆ,
ಹಾರಿಸುವವಳ ಮಫ್ಲರಿನ ಬಣ್ಣ ಕೆಳಗಿನಿಂದಲೇ ಕಾಣಬೇಕು,
ಎದುರುಗಾಳಿಗೆ ನಿಂತೇಬಿಟ್ಟಿತೋ ಎಂಬಂತೆ
ಗೋಧಿಹೊಲದ ಮೇಲೆ ತೂಗಬೇಕು.
"ಹೊಲಿಗೆ ಯಂತ್ರಕ್ಕೆ ರೆಕ್ಕೆ ಕಟ್ಟಿದ್ದಾರೆ" ಎನ್ನುತ್ತಾನೆ ಅವನು.

ಅವನ ಸೊಸೆ ಮೊರ್ವೆನಾಗೆ ಎರಡೂ ಬೇಡ.
ಅವಳು ಗ್ಲೈಡರಿನವಳು. ಎಂಜಿನ್ನೆಂದರೆ ಅವಳಿಗೆ
ಸಾರಿಗೆ ಉಪ್ಪು ಎರಡು ಸಲ ಬಿದ್ದಂತೆ.
ನಮ್ಮ ಜಗಳದ ನಡುವೆ ಚಹಾ ಲೋಟ ತೊಳೆಯುತ್ತ
"ಆವತ್ತು ಬಿಸಿಲಿದ್ದರೆ ನಾನು ಮೇಲಿರ್ತೀನಿ,
ನಾಯಿಗೆ ಊಟ ಹಾಕೋರು ಯಾರು, ಮೊದಲು ಅದು ಹೇಳಿ" ಎಂದಳು.

ಸಂಘಟಕರಿಗೆ ಕಾಗದ ಬರೆದೆ, ಎರಡೂ ಕಡೆಗೆ,
ಕೋಷ್ಟಕ ಹಾಕಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು.
ಮಾಲ್ಟರ್ಬಿಯವರು ವಂದನೆ ತಿಳಿಸಿದರು.
ಸ್ಕಾರ್ನೆಸ್‌ನವರು ಕಾರು ನಿಲ್ಲಿಸುವ ದರಪಟ್ಟಿ ಕಳಿಸಿದರು.

ಆ ಶನಿವಾರ ಹೆಡ್ಲಿ ಬೆಳಗ್ಗೆ ಐದಕ್ಕೇ ಹೊರಟ.
ನಾನು ಬಸ್ಸು ಹತ್ತಿದೆ.
ಮೂವತ್ತೊಂದನೇ ನಂಬರು, ನಾನೇ ಬರೆದ ಪಟ್ಟಿ,
ಹದಿನೇಳು ನಿಮಿಷ ತಡ.
ಮಾಲ್ಟರ್ಬಿಯಲ್ಲಿ ಗಾಳಿ ಅಡ್ಡ ಬೀಸುತ್ತಿತ್ತು.
ಹನ್ನೊಂದು ಟೈಗರ್ ಮಾತ್‌ಗಳು ಹಗ್ಗ ಕಟ್ಟಿಸಿಕೊಂಡು
ಕರೆಯುವ ಹೊತ್ತಿಗೆ ಕಾದ ಹಸುಗಳಂತೆ ಸಾಲಾಗಿ ನಿಂತಿದ್ದವು.
ಒಂದೂ ಏಳಲಿಲ್ಲ.
ಒಬ್ಬ ಹುಡುಗ ಕಾವಲಿನವನ ಕಣ್ತಪ್ಪಿಸಿ
ರೆಕ್ಕೆಯನ್ನು ಬೆರಳಲ್ಲಿ ತಟ್ಟಿದ.
ಡೋಲಿನಂಥ ದನಿ.
ಎಪ್ಪತ್ತೊಂದು ವರ್ಷಕ್ಕೆ ಮೊದಲ ಸಲ ಕೇಳಿದೆ.

ಮೂರೂ ಕಾಲಿಗೆ ಫೋನು.
"ಕೇಳು, ಕೇಳು!" ಹೆಡ್ಲಿಯ ಕೂಗು.
ಕಿವಿಗೊಟ್ಟರೆ ಬರೀ ಚರಚರ,
ಕಾದ ಬಾಣಲೆಗೆ ನೀರು ಬಿದ್ದಂತೆ. ಆಮೇಲೆ ಏನೂ ಇಲ್ಲ.
ಬಹಳ ಹೊತ್ತಿಗೆ ಅವನ ಉಸಿರು,
ಒಂದೇ ಏಟಿಗೆ ಮಹಡಿ ಹತ್ತಿದವನ ಉಸಿರು.
"ಕೇಳಿಸಿತಾ?"
"ಕೇಳಿಸಿತು," ಅಂದೆ. ಸುಳ್ಳು.
"ನಿನ್ನವು ಹಾರಿದವಾ?"
"ಹಾರಿದವು."
ಅದೂ.

ಈಗ ಜನವರಿ. ಹೊಸ ದಿನಾಂಕಗಳು ಬಂದಿವೆ.
ಮಾಲ್ಟರ್ಬಿ ಜುಲೈ ಹದಿನೇಳು, ಸ್ಕಾರ್ನೆಸ್ ಆಗಸ್ಟ್ ಏಳು.
ಢಿಕ್ಕಿ ಇಲ್ಲ. ನನ್ನ ಕಾಗದದ ಫಲವೋ, ಯಾರದೋ ಮರೆವೋ.
ಗೆದ್ದೆ ಎಂದುಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಂತೆ
ಪೆನ್ನು ನಿಂತಿತು.
ಇನ್ನು ನೆಪವಿಲ್ಲ.
ಅವನು ನನ್ನ ಹೊಲಿಗೆ ಯಂತ್ರಗಳಡಿ ಆಕಳಿಸುತ್ತ ಕೂರಬೇಕು,
ನಾನು ಅವನ ಸಿಡಿಲಿನಡಿ,
ಮರಳು ಸೇರಿದ ಸ್ಯಾಂಡ್‌ವಿಚ್ ಕಡಿಯುತ್ತ.

ನಿನ್ನೆ ಔಷಧಿ ಅಂಗಡಿಯಲ್ಲಿ ಹತ್ತಿ ಕೊಂಡೆ.
"ಗಾಯಕ್ಕಾ?" ಕೇಳಿದಳು ಹುಡುಗಿ.
"ಕಿವಿಗೆ," ಅಂದೆ. "ಆಗಸ್ಟಿಗೆ."