ಶೇಡ್ ಕಾರ್ಡು

ಟಾರ್ಗೆಟ್ ಮುಟ್ಟಿದ್ದು ಪದ್ಮರಾಜಣ್ಣನ ಅಂಗಡಿ,
ಸ್ಟೆಂಟ್ ಬಿದ್ದದ್ದು ಪದ್ಮರಾಜಣ್ಣನ ಎದೆಗೆ.
ಹಾಗಾಗಿ ಕಂಪನಿ ಖರ್ಚಿನಲ್ಲಿ ಬ್ಯಾಂಕಾಕಿಗೆ ಹೋದವನು ನಾನು,
ಬಿ.ಎಚ್. ರಸ್ತೆಯಲ್ಲಿ ಹದಿನೇಳು ವರ್ಷದಿಂದ
ಡಬ್ಬಿಗೆ ಬಣ್ಣ ಕಲೆಸಿಕೊಡುವ ಏಕನಾಥ.

ಬಂದು ತಿಂಗಳಾಯಿತು. ಕೌಂಟರಿನ ಆಚೆ ನಿಂತವರು
ಇವತ್ತಿಗೂ ಮೊದಲು ಕೇಳುವುದು ಪ್ರೈಮರ್ ಅಲ್ಲ.
ಒಂದು ಕಣ್ಣು ಸಣ್ಣ ಮಾಡಿ, ದನಿ ತಗ್ಗಿಸಿ,
'ಹೆಂಗಿತ್ತು?' ಅನ್ನುತ್ತಾರೆ.
ಏನು ಹೇಳಲಿ.

ವಿಮಾನ ನಿಲ್ದಾಣದ ಹೆಸರೇ ಸುವರ್ಣಭೂಮಿ.
ವಾಪಸು ಬರುವ ದಿನ ಕಂಡದ್ದು, ಆದರೂ ಮೊದಲೇ ಹೇಳಿಬಿಡುತ್ತೇನೆ:
ಸೆಂಟಿನ ಅಂಗಡಿಗಳ ನಡುವೆ
ದೇವರೂ ದೈತ್ಯರೂ ಹಾವು ಹಿಡಿದು ಕಡಲು ಕಡೆಯುತ್ತಿದ್ದರು.
ಭದ್ರಾವತಿಯ ಕುಬೇರಪ್ಪ ಚಪ್ಪಲಿ ಬಿಟ್ಟು ಕೈ ಮುಗಿದ.
ಹಿಂದಿನವರ ಸೂಟ್‌ಕೇಸು ಅವನ ಹಿಮ್ಮಡಿಗೆ ಹಾಯಿತು.

ನಾನು ಊರು ನೋಡಿದ್ದು ನಂಬರಿನಲ್ಲಿ.
ಭಿಕ್ಷುಗಳ ಬಟ್ಟೆ: ಹಳದಿ ಆಕ್ಸೈಡು ಎರಡು ಪಾಲು, ಕೆಂಪು ಕಾಲು.
ಟ್ಯಾಕ್ಸಿಯ ಗುಲಾಬಿ: ನಮ್ಮಲ್ಲಿ ಛತ್ರದವರೂ ಒಪ್ಪುವುದಿಲ್ಲ.
ನದಿಯದು ಕಾರ್ಡಿನಲ್ಲೇ ಇಲ್ಲ.
ಚಹಾ ಸೋಸಿದ ಬಟ್ಟೆ ಹಿಂಡಿದರೆ ಬರುತ್ತದಲ್ಲ, ಅದು.
ದೋಣಿಯ ಬೆನ್ನಿಗೆ ಲಾರಿಯ ಇಂಜಿನ್ನು ಕಟ್ಟಿ
ಹುಚ್ಚು ಹಿಡಿದಂತೆ ಓಡಿಸುತ್ತಾರೆ.
ಮೂತಿಗೆ ಮಾತ್ರ ದಿನಾ ಹೂವಿನ ಹಾರ, ರಿಬ್ಬನ್ನು.
ಸಾಗರದ ಪ್ರೈವೇಟ್ ಬಸ್ಸು ನೆನಪಾಯಿತು.

ಆಹಾರಕ್ಕೆ ಆಹಾನ್, ಭಾಷೆಗೆ ಫಾಸಾ.
ನಮ್ಮ ಮಾತನ್ನೇ ಬಾಯಲ್ಲಿಟ್ಟುಕೊಂಡು
ಬೀಜ ಉಗಿದಂತೆ ಕೊನೆಯ ಅಕ್ಷರ ಉಗಿಯುತ್ತಾರೆ.

ಅರುಣನ ಗುಡಿ ಅಂತ ಒಂದು.
ಗೋಪುರದ ಉದ್ದಕ್ಕೂ ಪಿಂಗಾಣಿ ಚೂರು:
ಒಡೆದ ತಟ್ಟೆ, ಬಟ್ಟಲು, ಯಾರದೋ ಊಟ ಮುಗಿದದ್ದು.
ಬಿಸಾಡುವುದನ್ನು ಇಷ್ಟು ಮೇಲೇರಿಸಬಹುದೆ ಎಂದು
ಕತ್ತು ನೋಯುವ ತನಕ ನೋಡಿದೆ.
ಹೇಳಿದರೆ ಹೆಂಡತಿ ಅಂದಳು,
'ಹಾಗಾದ್ರೆ ನೀವು ಒಡೆದ ಕಪ್ಪುಗಳನ್ನೆಲ್ಲ ಎತ್ತಿಡ್ಲಾ?'

ಅರಮನೆಯ ಗುಡಿಯ ಸುತ್ತ ಮೊಗಸಾಲೆ, ಗೋಡೆ ತುಂಬ ರಾಮಾಯಣ.
ನಮ್ಮದೇ, ಆದರೆ ನಮ್ಮದಲ್ಲ.
ಹನುಮಂತ ಬೆಳ್ಳಗೆ, ರಸಿಕ ಬೇರೆ,
ಮತ್ಸ್ಯಕನ್ಯೆಯ ಹಿಂದೆ ಬಿದ್ದಿದ್ದಾನೆ.
ಕುಬೇರಪ್ಪ ಮುಖ ತಿರುಗಿಸಿದ, ಆಮೇಲೆ ಫೋಟೋ ತೆಗೆದ.
ಗೈಡು ಬಾವುಟ ಎತ್ತಿ ಮುಂದೆ ನಡೆದಳು. ನಾನು ಹಿಂದುಳಿದೆ.

ಕಂಬದ ಸಂದಿಯಲ್ಲಿ, ಸ್ಟೂಲಿನ ಮೇಲೆ, ಒಬ್ಬ ಮುದುಕ
ಮೂರು ಕೂದಲಿನ ಕುಂಚ ಹಿಡಿದು
ರಾಕ್ಷಸನ ಪಾದ ಬರೆಯುತ್ತಿದ್ದ.
ಎರಡೂ ಸೇನೆ ಮೊಣಕಾಲಿನವರೆಗೆ ಮಾಸಿತ್ತು.
ನಾನು ಬೆರಳಲ್ಲಿ ಪುಡಿ ಉದುರಿಸಿದಂತೆ ಮಾಡಿ ತೋರಿಸಿದೆ.
ತಲೆಯಾಡಿಸಿದ. ಕೈಯನ್ನು ನೆಲದಿಂದ
ಮೇಲಕ್ಕೆ, ಇನ್ನೂ ಮೇಲಕ್ಕೆ ಏರಿಸಿದೆ.
ಅವನಿಗೆ ನಗು ತಡೆಯಲಾಗಲಿಲ್ಲ. 'ನಾಮ್' ಅಂದ.
ನೀರು ಅಂತ, ಆಮೇಲೆ ತಿಳಿಯಿತು.
ನನ್ನ ಅಂಗೈ ಹಿಡಿದು ಗೋಡೆಯ ಬುಡಕ್ಕೆ ಒತ್ತಿದ.
ತಣ್ಣಗಿತ್ತು.
ಒಂದು ತುದಿಯಿಂದ ಮುಗಿಸಿಕೊಂಡು ಬರುವಷ್ಟರಲ್ಲಿ
ಮೊದಲಿನದು ಮತ್ತೆ ಉದುರಿರುತ್ತದೆ.
ಇದನ್ನು ಯಾರೂ ಹೇಳಲಿಲ್ಲ. ನನಗೆ ಗೊತ್ತು.

ನಿನ್ನೆ ಪೇಂಟರ್ ಇನಾಯತ್ ಕರೆದುಕೊಂಡು ಹೋದ.
ಕೋಟೆ ರಸ್ತೆಯ ಹೆಣ್ಣುಮಕ್ಕಳ ಶಾಲೆ, ಹಿಂದೆ ಕೂಗಳತೆಯಲ್ಲಿ ತುಂಗೆ.
ವರ್ಷಕ್ಕೊಮ್ಮೆ ಅವನೇ ಬರೆಯುವ ಭೂಪಟದಲ್ಲಿ
ಈ ಸಲವೂ ಕೆಳಗಿನ ದೇಶಗಳು ಉಬ್ಬಿ ಎದ್ದಿವೆ:
ಸಿಲೋನು, ಜಾವಾ,
ಆ ಆನೆಯ ಸೊಂಡಿಲಿನಂಥದು ಅರ್ಧ ನೆಲಕ್ಕೆ ಬಿದ್ದಿದೆ.
ಬಗ್ಗಿ ಅಂಗೈ ಇಟ್ಟೆ.
ಇನಾಯತ್ ಬೀಡಿ ಆರಿಸಿ ಕೇಳಿದ,
'ಹೆಂಗಿತ್ತು ಮಾರಾಯ, ಬ್ಯಾಂಕಾಕು?'
'ಅಲ್ಲೂ ತೇವ ಐತೆ' ಅಂದೆ.
ಅವನು ಕಣ್ಣು ಹೊಡೆದ. ಇರಲಿ.

ಒಂದು ಲೀಟರು ನೀಲಿ ಬೇಕಂತೆ, ಸಮುದ್ರಕ್ಕೆ.
ಅಂಗಡಿಗೆ ಬಂದು ಕಲೆಸಿದೆ. ಮುಚ್ಚಳ ಕುಟ್ಟುವ ಮುನ್ನ
ಯಾಕೋ
ಕಂದು ನಾಲ್ಕು ಹನಿ ಬಿಟ್ಟೆ.