ಹೇನು ಹಣಿಗೆ

ರಾತ್ರಿ ಎರಡಕ್ಕೆ ನಾನು
ಕಡಲ ದಂಡೆಯ ತಲೆ ಬಾಚುತ್ತೇನೆ.
ಟ್ರ್ಯಾಕ್ಟರಿನ ಹಿಂದೆ ನಗರಸಭೆಯ ಯಂತ್ರ.
ಅದರ ಹಲ್ಲುಗಳು ಗೇಣುದ್ದ ಮರಳಿಗಿಳಿದು
ಸಿಗರೇಟಿನ ತುಂಡು, ಐಸ್‌ಕ್ರೀಮ್ ಕಡ್ಡಿ,
ಯಾವುದೋ ಮಗುವಿನ ಒಂಟಿ ಚಪ್ಪಲಿ,
ಜೊತೆಗೆ ಕಡಲು ತಂದಿಟ್ಟ ಪಾಚಿ,
ಎಲ್ಲವನ್ನೂ ಒಂದೇ ಜಾಲರಿಗೆ ಎತ್ತುತ್ತವೆ.
ಬೆಳಗಾಗುವಷ್ಟರಲ್ಲಿ ಅಪೂಲಿಯಾದ ಮರಳು
ಎಣ್ಣೆ ಹಚ್ಚಿ ಬೈತಲೆ ತೆಗೆದ ಹಾಗೆ, ಗೆರೆ ಗೆರೆ.
ಕಂಬದ ಮೇಲೆ ನೀಲಿ ಬಾವುಟ.
ಸ್ವಚ್ಛ, ಅನ್ನುತ್ತಾರೆ ಮೇಲ್ವಿಚಾರಕ ಬೆಲ್ಮೀರು,
ಸ್ವಚ್ಛಕ್ಕೊಂದು ಸಹಿ ಹಾಕಿ
ಚೀಟಿ ಹರಿದು ಕೊಡುತ್ತಾರೆ.

ನನ್ನಜ್ಜಿ ಎರ್ಮೆಲಿಂದಾ ಇದೇ ಪಾಚಿಗೆ
ಸೊಂಟದ ತನಕ ನೀರಿಗಿಳಿದವಳು.
ಅಜ್ಜ ಬಿಳಿ ಉಣ್ಣೆಯ ನಿಲುವಂಗಿ ತೊಟ್ಟು
ಅಲೆಗೆ ಬಲೆಯೊಡ್ಡಿದರೆ
ಅವಳು ಎಳೆದು ತಂದು ದಿಬ್ಬದ ಮೇಲೆ ಹರವುತ್ತಿದ್ದಳು.
ಒಣಗಿದ್ದು ಆಲೂಗಡ್ಡೆ ಹೊಲಕ್ಕೆ.
ಈರುಳ್ಳಿಗೆ ಇನ್ನೂ ಒಳ್ಳೆಯದಂತೆ.
ಅವರೂ ತೆಗೆದರು, ಹೌದು.
ಆದರೆ ಕೈ ದಣಿಯುತ್ತಿತ್ತು,
ದಣಿದ ಕೈ ಒಂದಿಷ್ಟು ಬಿಟ್ಟು ಬರುತ್ತಿತ್ತು.
ಡೀಸೆಲ್ಲಿಗೆ ದಣಿವಿಲ್ಲ.

ಸಂಜೆ ಹೊಸ್ತಿಲಲ್ಲಿ ಕೂತು
ನನ್ನ ತಲೆಯನ್ನು ಮೊಣಕಾಲ ನಡುವೆ ಸಿಕ್ಕಿಸಿ
ಹೇನು ಹಣಿಗೆ ಎಳೆಯುತ್ತ ಅವಳು ಹೇಳುತ್ತಿದ್ದಳು:
ದಂಡೆಗೂ ಹೇನಿದೆ ಕಣೇ, ಕಡಲ ಚಿಗಟ.
ಅದು ಇರಲಿ.
ಹೇನು ತಾನಾಗಿ ಬಿಟ್ಟುಹೋಗುವುದು
ಹೆಣದ ತಲೆಯನ್ನು ಮಾತ್ರ.

ಕಳೆದ ಆಗಸ್ಟಿನಲ್ಲೊಂದು ರಾತ್ರಿ
ಹಳೇ ಹಗ್ಗವೊಂದು ಹಲ್ಲಿಗೆ ಸುತ್ತಿಕೊಂಡಿತು.
ಬೈದುಕೊಂಡು ಇಳಿದೆ. ಬ್ಯಾಟರಿ ಬಾಯಲ್ಲಿ ಕಚ್ಚಿ
ಜಾಲರಿಯೊಳಗೆ ಕೈ ಹಾಕಿದೆ.
ಒದ್ದೆ ಪಾಚಿ ಒಮ್ಮೆಗೇ
ಕಾದ ಬಾಣಲೆಯ ಎಳ್ಳಿನಂತೆ ಸಿಡಿಯಿತು.
ಅವರೆಕಾಳಿನಷ್ಟು ಮೈ, ಮರಳಿನದೇ ಬಣ್ಣ.
ಅಂಗೈಗೆ ಸಿಕ್ಕ ಒಂದರ
ಹೊಟ್ಟೆಯಡಿಯ ಚೀಲದಲ್ಲಿ
ಚುಕ್ಕೆ ಚುಕ್ಕೆ ಮರಿಗಳು.
ಹಗಲೆಲ್ಲ ಮರಳೊಳಗೆ ಮಲಗಿದ್ದು
ಊಟಕ್ಕೆಂದು ಎದ್ದು ಬಂದವು.
ತಟ್ಟೆಯ ಸಮೇತ ಲಾರಿಗೆ ಸುರಿದವಳು ನಾನು.
ಹನ್ನೊಂದು ಬೇಸಿಗೆ.
ಸಣ್ಣ ಕಾಲಿನ ಆ ಹಕ್ಕಿ
ಅಲೆಯಂಚಿಗೆ ಹೊಲಿಗೆ ಹಾಕಿದಂತೆ ಓಡುತ್ತಿತ್ತಲ್ಲ,
ಅದು ಬರುವುದು ನಿಂತಾಗ
ಜನಜಂಗುಳಿಗೆ ಹೆದರಿತು ಅಂದುಕೊಂಡಿದ್ದೆ.
ಹಸಿವು ನೆನಪಿಗೇ ಬರಲಿಲ್ಲ.

ಮನೆ ಸೇರಿದಾಗ ಇನ್ನೂ ಕತ್ತಲು.
ಬೂಟು ಕೊಡವಿದೆ, ಅಡುಗೆಮನೆಯ ಹಾಸುಗಲ್ಲಿಗೆ
ಒಂದು ಚಿಗಟ ಬಿತ್ತು.
ಬಲ್ಬಿನ ಕೆಳಗೆ ಕುಡಿದವನ ಹಾಗೆ
ಫ್ರಿಜ್ಜಿಗೆ, ಗೋಡೆಗೆ, ಮತ್ತೆ ಫ್ರಿಜ್ಜಿಗೆ.
ದಂಡೆಯುದ್ದಕ್ಕೂ ಹೋಟೆಲುಗಳು
ಇಡೀ ರಾತ್ರಿ ಉರಿಸುವ ದೀಪಗಳು ನೆನಪಾಗಿ
ಬಲ್ಬು ಆರಿಸಿದೆ.
ಕಿಟಕಿಯಲ್ಲಿ ಅರ್ಧ ಸವೆದ ಚಂದ್ರ.
ತುಸು ಹೊತ್ತು ಸುಮ್ಮನಿತ್ತು.
ಆಮೇಲೆ ಒಂದು ನೆಗೆತ, ಇನ್ನೊಂದು,
ಪಡುವಣಕ್ಕೆ, ಬಾಗಿಲ ಸಂದಿಗೆ.
ಎರಡು ಬೀದಿ, ಒಂದು ಚರ್ಚು, ಒಂದು ಪೆಟ್ರೋಲ್ ಬಂಕು ದಾಟಿದರೆ
ಕಡಲು ಆ ಕಡೆಗೇ.

ಲೋಟ ಮುಚ್ಚಿ ಹಿಡಿದೆ.
ಸ್ಕೂಟರಿನಲ್ಲಿ ಒಯ್ದು ಬಿಟ್ಟೆ.
ಬಿಟ್ಟ ಮೇಲೆ ನೋಡಿದರೆ
ಕಣ್ಣು ಹಾಯುವಷ್ಟು ದೂರ
ಒಂದೆಳೆ ಪಾಚಿಯಿಲ್ಲ.
ಬಾಚಿದವಳು ನಾನೇ.

ಈಗ ಹಳೇ ಗಾಳಿಗಿರಣಿಯ ಕೆಳಗೆ
ನಲವತ್ತು ಹೆಜ್ಜೆ ದೂರ
ಯಂತ್ರದ ಹಲ್ಲೆತ್ತಿ ಹೋಗುತ್ತೇನೆ.
ಅಲ್ಲೇನು ನಾತ, ಅನ್ನುತ್ತಾರೆ ಬೆಲ್ಮೀರು,
ಹೋಟೆಲಿನವರ ದೂರು ಬಂದಿದೆ.
ಹಲ್ಲು ಸವೆದಿದೆ, ಬಿಡಿಭಾಗ ಬರಬೇಕು, ಅನ್ನುತ್ತೇನೆ.
ಅವರು ಬರೆದುಕೊಳ್ಳುತ್ತಾರೆ.
ಎಷ್ಟು ದಿನ ನಡೆಯುತ್ತದೋ.

ಆ ಜಾಗ ಹತ್ತಿರವಾದಂತೆ
ನನ್ನ ನೆತ್ತಿ ತುರಿಸುತ್ತದೆ.
ಸ್ಟಿಯರಿಂಗಿನಿಂದ ಒಂದು ಕೈ ತೆಗೆದು
ಕೆರೆದುಕೊಳ್ಳುತ್ತೇನೆ.